ಶನಿವಾರದ ಹೊರೆ ಯಾವ ಪುಟಕ್ಕೆ?

ನಮೂನೆಯ ಏಳನೆಯ ಕಾಲಂ ಹನ್ನೊಂದು ಮನೆಗಳಲ್ಲಿ ಖಾಲಿ ಉಳಿದಿತ್ತು. ಕಾಲಂನ ತಲೆಬರಹ ‘ಕಟ್ಟಿಗೆ ಎಲ್ಲಿಂದ ಬಂತು’. ಅದರ ಹಿಂದಿನ ಕಾಲಂನಲ್ಲಿ, ಅಂದರೆ ‘ದಿನಕ್ಕೆ ಎಷ್ಟು ಉರಿಯಿತು’ ಎಂಬಲ್ಲಿ, ನಾನೇ ತೂಗಿ ಬರೆದ ಅಂಕಿಗಳಿದ್ದವು. ಕಟ್ಟಿಗೆ ಉರಿದದ್ದು ನಿಜ, ಬೂದಿಯನ್ನು ನಾನೇ ಮುಟ್ಟಿ ನೋಡಿದ್ದೆ. ಆದರೆ ಕೊಂಡದ್ದಾ ಎಂದರೆ ಇಲ್ಲ, ಕಾಡಿನಿಂದ ತಂದದ್ದಾ ಎಂದರೆ ಇಲ್ಲ, ಸ್ವಂತ ಜಾಗದ್ದಾ ಎಂದರೆ ನಗು. ಐದು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ ಸ್ವಂತ ಮರ ಎಲ್ಲಿಂದ ಬರಬೇಕು?

ಎರಡು ಸಾವಿರದ ದಶಕದ ನಡುವಿನ ಮಾತು. ನಾನು ಆಗ ಬಂಟ್ವಾಳದಲ್ಲಿ ಪತ್ರಿಕೆಯೊಂದರ ವರದಿಗಾರನಾಗಿದ್ದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರೂ ಕಡೆಯ ಸುದ್ದಿ ನನ್ನ ಪಾಲಿಗಿತ್ತು. ಬೆಂಗಳೂರಿನಿಂದ ಬಂದ ಒಬ್ಬ ಸಂಶೋಧಕಿ ನಮ್ಮ ಪತ್ರಿಕೆಯ ಸಹಾಯ ಕೇಳಿದ್ದರು. ಬೆಳೆಯುತ್ತಿರುವ ದೇಶಗಳಲ್ಲಿ ಜನರ ಕೈಗೆ ಹಣ ಬಂದಂತೆ ಇಂಧನದ ಬಳಕೆ ಹೇಗೆ ಬದಲಾಗುತ್ತದೆ, ಅದರಿಂದ ಗಾಳಿಗೆ ಸೇರುವ ಇಂಗಾಲ ಏರುತ್ತದೆಯೋ ಇಳಿಯುತ್ತದೆಯೋ ಎಂಬುದು ಅವರ ಅಧ್ಯಯನದ ವಿಷಯ. ಕ್ಷೇತ್ರದಲ್ಲಿ ಅಂಕಿ ಸಂಗ್ರಹಿಸಲು ಸ್ಥಳೀಯ ಭಾಷೆ ಬಲ್ಲ ಒಬ್ಬರು ಬೇಕಿತ್ತು. ಬದಲಿಗೆ ಪತ್ರಿಕೆಗೆ ಒಂದು ಲೇಖನಮಾಲೆ ಸಿಗುತ್ತಿತ್ತು. ಮಂಗಳೂರಿನಲ್ಲಿದ್ದ ನಮ್ಮ ಸುದ್ದಿ ಮುಖ್ಯಸ್ಥರು ನನ್ನನ್ನು ಎರಡು ತಿಂಗಳಿಗೆ ಆ ಕೆಲಸಕ್ಕೆ ಬಿಟ್ಟುಕೊಟ್ಟರು.

ಸಂಶೋಧಕಿ ಮೊದಲ ದಿನ ನನ್ನ ಟಿಪ್ಪಣಿ ಪುಸ್ತಕದಲ್ಲೇ ಒಂದು ಗುಡ್ಡ ಬಿಡಿಸಿ ತೋರಿಸಿದರು.

“ಬಡತನ ಇದ್ದಾಗ ಹೊಗೆ ಕಡಿಮೆ ಸರ್. ಬೆಳವಣಿಗೆ ಶುರುವಾದ್ರೆ ಏರುತ್ತೆ. ಒಂದು ಮಟ್ಟ ದಾಟಿದ ಮೇಲೆ ಇಳಿಯುತ್ತೆ ಅಂತ ಒಂದು ವಾದ ಇದೆ. ನಮ್ಮಂಥ ಕಡೆ ಇದು ನಿಜಾನಾ, ಬರೀ ಹಾಳೆ ಮೇಲಿನ ಗುಡ್ಡಾನಾ ನೋಡ್ಬೇಕು.”

“ಕಟ್ಟಿಗೆಯ ಹೊಗೆಯೂ ಲೆಕ್ಕಕ್ಕೆ ಬರುತ್ತದಾ ಮೇಡಂ?”

“ಅಲ್ಲೇ ಇರೋದು ಕಷ್ಟ. ಕಡಿದ ಜಾಗದಲ್ಲಿ ಮರ ಮತ್ತೆ ಬೆಳೆದ್ರೆ ಹೋದ ಇಂಗಾಲ ವಾಪಸ್ ಬಂತು ಅಂತ ಬಿಡ್ತೀವಿ. ಬೆಳೀದಿದ್ರೆ ಲೆಕ್ಕಕ್ಕೆ ಹಿಡೀತೀವಿ. ಅದಕ್ಕೇ ಏಳನೇ ಕಾಲಂ. ಎಲ್ಲಿಂದ ಬಂತು ಅನ್ನೋದು ಗೊತ್ತಾಗದಿದ್ರೆ ಆ ಮನೆ ನನಗೆ ಉಪಯೋಗ ಇಲ್ಲ.”

ಕೆಲಸದ ಕ್ರಮ ಸರಳವಾಗಿತ್ತು. ಬೆಳಿಗ್ಗೆ ಮನೆಯವರ ಕಟ್ಟಿಗೆಯಿಂದಲೇ ಒಂದಷ್ಟನ್ನು ತೂಗಿ ಒಲೆಯ ಪಕ್ಕ ಬೇರೆಯಾಗಿ ಜೋಡಿಸುವುದು. ಇವತ್ತು ಇದರಿಂದ ಮಾತ್ರ ಉರಿಸಿ ಎಂದು ಹೇಳುವುದು. ಮರುದಿನ ಅದೇ ಹೊತ್ತಿಗೆ ಹೋಗಿ ಉಳಿದದ್ದನ್ನು ತೂಗುವುದು. ಹೀಗೆ ಮೂರು ದಿನ. ಹಸಿ ಕಟ್ಟಿಗೆಯಾದರೆ ಅದನ್ನು ಬೇರೆ ಬರೆಯಬೇಕು. ತೆಂಗಿನ ಸಿಪ್ಪೆ, ಕರಟ, ಅಡಿಕೆ ಹಾಳೆ ಇದ್ದರೆ ಅವೂ ಬೇರೆ. ಗ್ಯಾಸ್ ಇರುವ ಮನೆಯಲ್ಲಿ ಸಿಲಿಂಡರನ್ನೇ ತಕ್ಕಡಿಗೆ ಏರಿಸಬೇಕು. ಕರೆಂಟಿಗೆ ಮೀಟರ್ ನೋಡಿದರಾಯಿತು.

ಗೊಂದಲ ಮೂಡುಬಿದಿರೆ ಬಳಿಯ ತೋಡಾರಿನಲ್ಲೇ ಆರಂಭವಾಯಿತು. ಅಲ್ಲಿ ನಾನು ತೂಗಿದ ಮೊದಲ ಮನೆ ಇಬ್ಬರು ಮಕ್ಕಳು ಸೌದಿಯಲ್ಲಿ ದುಡಿಯುವ ಒಬ್ಬ ತಾಯಿಯದು. ಹೊಸ ತಾರಸಿ ಮನೆ. ಒಳಗಿನ ಅಡುಗೆಮನೆಯಲ್ಲಿ ಗ್ಯಾಸ್, ಫ್ರಿಜ್, ಮಿಕ್ಸಿ. ಹಿಂಬದಿಗೆ ಇಳಿಸಿದ ಮಾಡಿನ ಕೆಳಗೆ ಹೊಗೆ ಹಿಡಿದು ಕಪ್ಪಾದ ಎರಡು ಒಲೆ.

“ಗ್ಯಾಸ್ ಬಂದ ಮೇಲೂ ಇದು ಯಾಕೆ?” ಎಂದು ಕೇಳಿದೆ.

ತಾಯಿ ನನ್ನ ಮುಖ ನೋಡಿ, ಪಕ್ಕದಲ್ಲಿದ್ದ ಸೊಸೆಗೆ ಕರಾವಳಿಯ ಮುಸ್ಲಿಮರ ಬ್ಯಾರಿ ಭಾಷೆಯಲ್ಲಿ ಏನೋ ಹೇಳಿದರು. ಇಬ್ಬರೂ ನಕ್ಕರು. ಸೊಸೆ ಕನ್ನಡಕ್ಕೆ ತಂದಳು:

“ಇವರ ಮನೆಯಲ್ಲಿ ಕುಚ್ಚಲಕ್ಕಿ ಬೇಯಿಸುದಿಲ್ವಾ ಅಂತ ಕೇಳ್ತಾರೆ. ಗಂಟೆಗಟ್ಟಲೆ ಬೇಯುವ ಅದನ್ನು ಗ್ಯಾಸಿನಲ್ಲಿ ಇಟ್ರೆ ಸಿಲಿಂಡರ್ ಎಷ್ಟು ದಿನಕ್ಕೆ? ಗ್ಯಾಸ್ ಚಾಯಕ್ಕೆ, ಸಾರು ಪದಾರ್ಥಕ್ಕೆ. ಅನ್ನಕ್ಕೆ ಒಲೆಯೇ.”

ಆ ಮನೆಯಲ್ಲಿ ಕಟ್ಟಿಗೆ ಇಳಿದಿರಲಿಲ್ಲ. ಗ್ಯಾಸ್ ಅದರ ಮೇಲೆ ಬಂದು ಕುಳಿತಿತ್ತು, ಕರೆಂಟು ಗ್ಯಾಸಿನ ಮೇಲೆ. ಬೆಳ್ತಂಗಡಿ ಕಡೆಯ ನಾರಾವಿಯಲ್ಲಿ ಬೇರೆಯೇ ಚಿತ್ರ. ಅಲ್ಲಿನ ಕೃಷಿಕರ ಮನೆಗಳಲ್ಲಿ ಒಲೆಗೆ ಹಾಕುತ್ತಿದ್ದದ್ದು ತೋಟದ ಕಸವನ್ನೇ. ಅದು ಮರುವರ್ಷ ಮತ್ತೆ ಬರುವಂಥದ್ದು, ಆದ್ದರಿಂದ ಲೆಕ್ಕಕ್ಕಿಲ್ಲ. ಆದರೆ ತೋಟಕ್ಕೆ ನೀರೆತ್ತುವ ಪಂಪು ಬೇಸಿಗೆಯಿಡೀ ಓಡುತ್ತಿತ್ತು, ಅದಕ್ಕೆ ಮೀಟರೇ ಇರಲಿಲ್ಲ. ಶ್ರೀಮಂತರು ಯಾರು, ಬಡವರು ಯಾರು, ಯಾರ ಹೊಗೆ ಗುಡ್ಡದ ಯಾವ ಬದಿಯಲ್ಲಿದೆ ಎಂದು ನನಗೆ ಹೇಳಲಾಗುತ್ತಿರಲಿಲ್ಲ. ಹೇಳುವುದು ನನ್ನ ಕೆಲಸವೂ ಆಗಿರಲಿಲ್ಲ. ಕಂಡದ್ದನ್ನು ಬರೆದು ಕಳುಹಿಸಿದೆ.

ಬಂಟ್ವಾಳದಲ್ಲಿ ಒಂದು ಕಾರ್ಖಾನೆ ಮತ್ತು ಅದರ ಕೆಲಸಗಾರರ ಮನೆಗಳನ್ನು ಒಟ್ಟಿಗೆ ನೋಡಬೇಕಿತ್ತು. ಆಯ್ಕೆಯಾದದ್ದು ನದಿಯಿಂದ ಸ್ವಲ್ಪ ದೂರದಲ್ಲಿದ್ದ ಒಂದು ಹಳೆಯ ಹಂಚಿನ ಕಾರ್ಖಾನೆ. ತಾರಸಿ ಮನೆಗಳು ಹೆಚ್ಚಿದಂತೆ ಹಂಚಿಗೆ ಬೇಡಿಕೆ ಇಳಿಯುತ್ತಿದ್ದ ಕಾಲ ಅದು. ಹಲವು ಕಾರ್ಖಾನೆಗಳು ಮುಚ್ಚಿದ್ದವು. ಇದು ನಡೆಯುತ್ತಿತ್ತು. ಆರು ತಿಂಗಳ ಹಿಂದೆ ಹೊಸ ಮ್ಯಾನೇಜರ್ ಬಂದಿದ್ದರು. ಉಡುಪಿಯವರು, ವಾರವಿಡೀ ಇಲ್ಲೇ ಇದ್ದು ಶನಿವಾರ ಮಧ್ಯಾಹ್ನ ಊರಿಗೆ ಹೋಗುತ್ತಿದ್ದರು. ಖರ್ಚು ಇಳಿಸಲೆಂದೇ ಅವರನ್ನು ಕಳುಹಿಸಿದ್ದು ಎಂದು ಎಲ್ಲರಿಗೂ ಗೊತ್ತಿತ್ತು.

ಅವರು ಮರ್ಯಾದೆಯಿಂದಲೇ ಮಾತಾಡಿದರು. ಕಟ್ಟಿಗೆಯ ರಿಜಿಸ್ಟರ್ ತೋರಿಸಲು ಒಪ್ಪಿದರು. ಒಂದೇ ಷರತ್ತು.

“ನನ್ನ ಕಾರ್ಖಾನೆಯ ಬಗ್ಗೆ ಹೊರಗೆ ಹೋಗುವ ಪ್ರತಿಯೊಂದು ಹಾಳೆ ಮೊದಲು ನನ್ನ ಮೇಜಿಗೆ ಬರ್ಬೇಕು. ತಿದ್ದುದಿಲ್ಲ. ನೋಡ್ತೇನೆ ಅಷ್ಟೆ.”

ಸುದ್ದಿಯ ವಿಷಯದಲ್ಲಾದರೆ ನಾನು ಇಂಥ ಮಾತಿಗೆ ಒಪ್ಪುವವನಲ್ಲ. ಇದು ಸುದ್ದಿಯಲ್ಲ, ಸಮೀಕ್ಷೆ ಎಂದು ಒಪ್ಪಿದೆ.

ರಿಜಿಸ್ಟರಿನಲ್ಲಿ ಲಾರಿ ಬಂದ ದಿನ, ತೂಕ, ಯಾವ ಕಡೆಯಿಂದ ಎಂಬ ಮೂರು ವಿವರ. ಹೆಚ್ಚಿನ ಲಾರಿಗಳು ಚಾರ್ಮಾಡಿ ಕಾಡಿನ ಕಡೆಯಿಂದ ಬಂದವು. ಒಳಗೆ ಬಂದದ್ದೆಲ್ಲ ಆವಿಗೆಗೆ, ಅಂದರೆ ಹಂಚು ಸುಡುವ ಗೂಡಿಗೆ, ಹೋಯಿತೆಂದೇ ಲೆಕ್ಕ. ಆವಿಗೆಯೆಂದರೆ ಒಂದಕ್ಕೊಂದು ತಾಗಿಕೊಂಡ ಕೋಣೆಗಳ ಸುತ್ತು. ಒಂದು ಕೋಣೆಯಲ್ಲಿ ಬೆಂಕಿ ಇರುವಾಗ ಮುಂದಿನದು ಬಿಸಿಯೇರುತ್ತದೆ, ಹಿಂದಿನದು ಆರುತ್ತದೆ. ಮೇಲಿನ ಕಂಡಿಗಳಿಂದ ಸಣ್ಣದಾಗಿ ಸೀಳಿದ ಕಟ್ಟಿಗೆಯನ್ನು ಅಳತೆಯಲ್ಲಿ ಇಳಿಸುತ್ತಾರೆ. ಈ ಕೆಲಸ ನೋಡುತ್ತಿದ್ದ ಮೇಸ್ತ್ರಿಗೆ ಮೂವತ್ತು ವರ್ಷದ ಅನುಭವ. ರಿಜಿಸ್ಟರಿನ ಮೊತ್ತವನ್ನು ಸುಟ್ಟ ಹಂಚಿನಿಂದ ಭಾಗಿಸಿ ಸಾವಿರ ಹಂಚಿಗೆ ಇಷ್ಟು ಕಟ್ಟಿಗೆ ಎಂದು ಅವರಿಗೆ ತೋರಿಸಿದೆ. ಅವರು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಇದು ಯಾವ ಕಾರ್ಖಾನೆದ್ದು ಮಾರಾಯ್ರೇ?”

“ನಿಮ್ಮದೇ.”

“ಇಷ್ಟು ಹಾಕಿದ್ರೆ ನನ್ನ ಹಂಚು ಕರ್ಗಿ ಗಂಜಿ ಆಗ್ತದೆ.”

“ಹಾಗಾದರೆ ಉಳಿದ ಕಟ್ಟಿಗೆ ಎಲ್ಲಿ ಹೋಗುತ್ತದೆ?”

ಅವರು ಚೀಟಿಯನ್ನು ನನ್ನ ಕೈಗೆ ವಾಪಸು ಕೊಟ್ಟರು. “ನಾನು ಬೆಂಕಿ ನೋಡುವವ. ಗೇಟು ನೋಡುವವ ಅಲ್ಲ.”

ಆ ಮಾತಿನಲ್ಲೇ ಉತ್ತರವಿತ್ತು. ನನಗೆ ಆಗ ಹೊಳೆಯಲಿಲ್ಲ. ಹಸಿ ಕಟ್ಟಿಗೆಯ ತೂಕ ಒಣಗಿದಾಗ ಇಳಿದಿರಬೇಕು ಎಂದುಕೊಂಡು ಮೂರು ದಿನ ಅದೇ ಲೆಕ್ಕ ಹಾಕಿದೆ. ಸೀಳು ಕಟ್ಟಿಗೆಯನ್ನು ತೂಗಿ, ಬಿಸಿಲಿಗಿಟ್ಟು, ಮತ್ತೆ ತೂಗಿದೆ. ತೂಕ ಇಳಿಯಿತು, ಆದರೆ ಅಂತರ ತುಂಬುವಷ್ಟಲ್ಲ.

ಹನ್ನೊಂದು ಮನೆಗಳ ಕೆಲಸ ಈ ನಡುವೆಯೇ ನಡೆದಿತ್ತು. ಎಲ್ಲವೂ ಕಾರ್ಖಾನೆಯಲ್ಲಿ ಹಂಚು ಹೊರುವ ಹೆಂಗಸರ ಮನೆಗಳು. ಅವರ ಪೈಕಿ ಹಿರಿಯರಾದ ಒಬ್ಬರು ಎಲ್ಲರ ಪರವಾಗಿ ಮಾತಾಡುತ್ತಿದ್ದರು. ಐವತ್ತರ ಆಸುಪಾಸು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಮಾತು ತುಳುವಿನಲ್ಲೇ ನಡೆಯುತ್ತಿತ್ತು. ಇಲ್ಲಿರುವುದು ನನ್ನ ಕನ್ನಡ.

“ಅಕ್ಕ, ಈ ಕಟ್ಟಿಗೆ ಎಲ್ಲಿಯದು?”

“ಒಲೆಯ ಬದಿಯದ್ದು.”

“ಒಲೆಯ ಬದಿಗೆ ಎಲ್ಲಿಂದ ಬಂತು?”

“ನೀವೇ ಅಲ್ವಾ ಈಗ ತೂಗಿ ಇಟ್ಟದ್ದು?”

ಪಕ್ಕದ ಮನೆಯವರು ಜಗಲಿಯಲ್ಲೇ ನಕ್ಕರು. “ಪೇಪರಿನವರಿಗೆ ಅನ್ನ ಬೇಡ, ಕಟ್ಟಿಗೆಯೇ ಸಾಕಂತೆ” ಎಂದು ಒಬ್ಬರು ಕೂಗಿದರು. ಆ ಮನೆಗಳಲ್ಲಿ ದಿನಕ್ಕೆ ಮೂರು, ಮೂರೂವರೆ ಕಿಲೋ ಉರಿಯುತ್ತಿತ್ತು. ನಾನು ಗಮನಿಸಬೇಕಾದ ಒಂದು ಸಂಗತಿಯಿತ್ತು: ಒಲೆಯ ಪಕ್ಕದ ರಾಶಿಯಲ್ಲಿ ಇಡೀ ಕೊಂಬೆಯೆಂಬುದೇ ಇರಲಿಲ್ಲ. ಎಲ್ಲವೂ ತೊಗಟೆ, ಚಕ್ಕೆ, ಕೊಡಲಿ ತಾಗಿದ ತುಂಡುಗಳು. ಕಂಡೆ, ಬರೆದುಕೊಂಡೆ ಕೂಡ. ಅರ್ಥ ಮಾಡಿಕೊಳ್ಳಲಿಲ್ಲ.

ಅರ್ಥವಾದದ್ದು ಒಂದು ಶನಿವಾರ ಮಧ್ಯಾಹ್ನ. ಕಾರ್ಖಾನೆಯ ಗೇಟಿನಿಂದ ಕೂಗಳತೆಯಲ್ಲಿ ಒಬ್ಬ ಹಿರಿಯ ಬ್ಯಾರಿಯವರ ಅಂಗಡಿಯಿತ್ತು. ಊರಿಗೆಲ್ಲ ಅವರು ಕಾಕ. ನಾನು ಅಲ್ಲಿ ಚಹಾ ಕುಡಿಯುತ್ತಿದ್ದೆ. ಮ್ಯಾನೇಜರರ ಬಸ್ಸು ಹೋಗಿ ಅರ್ಧ ಗಂಟೆಯಾಗಿರಬಹುದು. ಗೇಟು ತೆರೆಯಿತು. ಹೆಂಗಸರು ಸಾಲಾಗಿ ಬಂದರು. ಪ್ರತಿಯೊಬ್ಬರ ತಲೆಯ ಮೇಲೂ ಒಂದು ಹೊರೆ, ಎರಡೂ ಕೈ ಎತ್ತಿ ಹಿಡಿಯಬೇಕಾದಷ್ಟು ದೊಡ್ಡದು. ಒಳಗೆ ತೊಗಟೆ, ಚಕ್ಕೆ, ತುಂಡು.

“ಇದು ಯಾವಾಗಿನಿಂದ ಕಾಕ?”

ಕಾಕ ಗ್ಲಾಸು ತೊಳೆಯುತ್ತಲೇ ಹೇಳಿದರು: “ನಾನು ಈ ಅಂಗಡಿ ಇಡುವ ಮೊದಲಿಂದ ಉಂಟು. ಹಳೇ ಧಣಿಗಳು ಬಾಯಲ್ಲಿ ಹೇಳಿದ್ದು. ಕಟ್ಟಿಗೆ ಸೀಳುವಾಗ ಬಿದ್ದದ್ದು ಹಂಚು ಹೊರುವವರಿಗೆ, ಶನಿವಾರ ಒಂದು ಹೊರೆ. ಬರೆದದ್ದು ಎಲ್ಲಿಯೂ ಇಲ್ಲ.”

ನನ್ನ ಎರಡು ಒಗಟುಗಳು ಒಂದೇ ಹೊರೆಯಲ್ಲಿ ಗೇಟು ದಾಟಿ ಬಂದಿದ್ದವು. ಕಾರ್ಖಾನೆಯ ಪುಟದಲ್ಲಿ ಹೆಚ್ಚಾಗಿದ್ದ ಕಟ್ಟಿಗೆಯ ಒಂದು ಪಾಲು ಈ ಮನೆಗಳಲ್ಲಿ ಉರಿಯುತ್ತಿತ್ತು. ಅಂದರೆ ನನ್ನ ಹಾಳೆಗಳ ಪ್ರಕಾರ ಅದೇ ಕಟ್ಟಿಗೆ ಎರಡು ಸಲ ಉರಿದಿತ್ತು, ಒಮ್ಮೆ ಆವಿಗೆಯಲ್ಲಿ, ಒಮ್ಮೆ ಒಲೆಯಲ್ಲಿ. ಇಲ್ಲದ ಹೊಗೆಯನ್ನು ನಾನು ಬಂಟ್ವಾಳದ ಹೆಸರಿಗೆ ಬರೆದಿದ್ದೆ.

ಹಿರಿಯಾಕೆ ಅಂಗಡಿಯ ಮುಂದೆ ನಿಂತರು. ನನ್ನನ್ನು ನೋಡಿದ್ದರು.

“ಗೊತ್ತಾಯ್ತಲ್ಲ ಅಣ್ಣ? ಇನ್ನು ನಮ್ಮ ಮನೆ ಒಲೆಗೆ ಕೈ ಹಾಕುದು ಬಿಡಿ.”

“ಇದನ್ನು ಬರೆಯಬೇಕಾಗುತ್ತದೆ ಅಕ್ಕ. ಹೆಸರು ಹಾಕುವುದಿಲ್ಲ.”

“ಹೆಸರು ಬಿಟ್ರೆ ಆಯ್ತಾ? ಕಾರ್ಖಾನೆ ಇರುದು ಒಂದೇ ಅಲ್ವಾ?” ಅವರು ಹೊರೆಯನ್ನು ಕೆಳಗಿಳಿಸಲಿಲ್ಲ. ಕುತ್ತಿಗೆ ಅಲುಗಿಸದೆ ಮಾತಾಡುತ್ತಿದ್ದರು. “ಹೊಸಬರಿಗೆ ಇದು ಗೊತ್ತಿಲ್ಲ. ಗೊತ್ತಾದ ದಿನ ನಿಲ್ಲಿಸ್ತಾರೆ. ರೇಷನ್ ಕಾರ್ಡಿನ ಸೀಮೆಎಣ್ಣೆ ದೀಪಕ್ಕೆ ಸಾಲುದಿಲ್ಲ. ಡಿಪೋದಿಂದ ಕಟ್ಟಿಗೆ ತರುವಷ್ಟು ದುಡ್ಡು ನಮ್ಮಲ್ಲಿ ಇಲ್ಲ. ನಿಮ್ಮ ಬರವಣಿಗೆಗೆ ಹನ್ನೊಂದು ಮನೆ ಒಲೆ ಆರ್ಬೇಕಾ?”

ಹೊರೆಯ ತೂಕವಾದರೂ ಸಿಕ್ಕಿದರೆ ಎರಡು ಪುಟಗಳ ನಡುವಿನ ತಪ್ಪನ್ನು ಸರಿಮಾಡಬಹುದು, ಹೇಗೆ ಬರೆಯಬೇಕೆಂದು ಆಮೇಲೆ ಯೋಚಿಸುತ್ತೇನೆ, ನಿಮ್ಮನ್ನು ಕೇಳದೆ ಕಳುಹಿಸುವುದಿಲ್ಲ ಎಂದೆ. ಅವರು ತಲೆಯ ಮೇಲಿನ ಹೊರೆಯನ್ನು ಸರಿಪಡಿಸಿಕೊಂಡರು.

“ಮುಂದಿನ ಶನಿವಾರ ಬನ್ನಿ. ತೂಗಿ. ನಾವು ಕದ್ದವರಲ್ಲ, ಹೆದರುದು ಯಾಕೆ?”

ಮುಂದಿನ ಶನಿವಾರ ಕಾಕನ ಅಂಗಡಿಯ ಅಡ್ಡತೊಲೆಗೆ ಸ್ಪ್ರಿಂಗ್ ತಕ್ಕಡಿ ತೂಗಿಹಾಕಿದೆ. ಹೆಂಗಸರು ಬಂದರು. ಹೊರೆಗಳು ಚಿಕ್ಕವಾಗಿದ್ದವು. ಹಿಂದಿನ ವಾರ ಎರಡು ಕೈ ಬೇಕಾಗಿದ್ದಲ್ಲಿ ಈಗ ಒಂದು ಕೈ ಸಾಕಾಗಿತ್ತು. ಹೊರಗಿನವನೊಬ್ಬ ತೂಗಿ ಪುಸ್ತಕದಲ್ಲಿ ಬರೆಯುವಾಗ ಆಸೆಬುರುಕರೆಂದು ಕಾಣಬಾರದು ಎಂಬುದೇ ಕಾರಣವಿರಬೇಕು. ಮದುವೆಮನೆಯಲ್ಲಿ ಎಲೆಯ ಮುಂದೆ ಕುಳಿತವರು ಸಾಕು ಸಾಕು ಎನ್ನುವ ಹಾಗೆ. ನಾನು ಇದನ್ನು ಗುರುತಿಸಿದೆ. ಆದರೆ ಹಿಂದಿನ ವಾರದ್ದು ಬರಿಗಣ್ಣಿನ ಅಂದಾಜು, ಇದು ತಕ್ಕಡಿಯ ಮುಳ್ಳು. ಮುಳ್ಳು ತೋರಿಸಿದ್ದನ್ನೇ ಬರೆಯುವುದು ಎಂಬ ಶಿಸ್ತಿನಲ್ಲಿ ಬೆಳೆದವನು ನಾನು. ತೂಗುವವ ಗಟ್ಟಿಯಾಗಿ ಕೂಗಬೇಕು, ಬರೆಯುವವ ಅದನ್ನು ತಿರುಗಿ ಹೇಳಬೇಕು, ಆಗ ತಪ್ಪಾಗುವುದಿಲ್ಲ ಎಂದು ಸಂಶೋಧಕಿ ಹೇಳಿಕೊಟ್ಟ ಕ್ರಮ. ನಾನು ಕೂಗಿದೆ: “ಹದಿಮೂರೂವರೆ!” ಕಾಕ ನನ್ನ ಪುಸ್ತಕದಲ್ಲಿ ಬರೆಯುತ್ತ ತಿರುಗಿ ಕೂಗಿದರು: “ಹದಿಮೂರೂವರೆ!” “ಹದಿನಾಲ್ಕು!” “ಹದಿನಾಲ್ಕು!” ಹನ್ನೊಂದು ಹೊರೆಗಳಲ್ಲಿ ಒಂದೂ ಹದಿನೈದು ದಾಟಲಿಲ್ಲ.

ಮನೆಗೆ ಬಂದು ಕೂತು ಗುಣಿಸಿದೆ. ದಿನಕ್ಕೆ ಮೂರೂವರೆ ಕಿಲೋ ಉರಿಸುವ ಮನೆಗೆ ವಾರಕ್ಕೆ ಇಪ್ಪತ್ತನಾಲ್ಕು ಕಿಲೋ ಬೇಕು. ಹೊರೆ ಹದಿನಾಲ್ಕು. ಉಳಿದ ಹತ್ತು ಎಲ್ಲಿಯದು ಎಂದು ಹಾಳೆ ನನ್ನನ್ನೇ ಕೇಳುತ್ತಿತ್ತು. ಅದಕ್ಕೆ ಉತ್ತರ ನನಗೆ ಗೊತ್ತಿತ್ತು, ಆದರೆ ತೋರಿಸಲು ತೂಕವಿರಲಿಲ್ಲ.

ಸುದ್ದಿ ಮುಖ್ಯಸ್ಥರಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಮ್ಯಾನೇಜರಿಗೆ ಹಾಳೆ ತೋರಿಸುತ್ತೇನೆಂದು ಮಾತು ಕೊಟ್ಟಿದ್ದೇನೆ. ಹೆಂಗಸರಿಗೆ ಕೇಳದೆ ಕಳುಹಿಸುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ. ಹೊರೆಯ ಸಂಗತಿ ಬಿಟ್ಟು ಕಳುಹಿಸಿದರೆ ಹಾಳೆ ಸುಳ್ಳು.

“ಮೂರರಲ್ಲಿ ಯಾವುದು ಮುರಿದರೂ ನಿಮಗೆ ನಿದ್ದೆ ಬರುವುದಿಲ್ಲ” ಎಂದರು ಅವರು. “ತಪ್ಪೆಂದು ಗೊತ್ತಿರುವ ಅಂಕಿ ಕೊಡುವುದಕ್ಕಿಂತ ಅಂಕಿ ಕೊಡದಿರುವುದು ಲೇಸಲ್ಲವೇ?”

ಎರಡು ದಿನ ಯೋಚಿಸಿ ನಿರ್ಧಾರ ಮಾಡಿದೆ. ಕಾರ್ಖಾನೆಯ ಪುಟ, ಹನ್ನೊಂದು ಮನೆಗಳ ಪುಟ, ಎರಡನ್ನೂ ಹಿಂದಕ್ಕೆ ತೆಗೆದುಕೊಂಡೆ. ಸಂಶೋಧಕಿಗೆ ಬಂಟ್ವಾಳದ ಅಂಕಿ ನಂಬಿಕೆಗೆ ಅರ್ಹವಲ್ಲ ಎಂದಷ್ಟೇ ತಿಳಿಸಿದೆ. ಅವರು ಬೇಸರಪಟ್ಟರು.

“ಐದು ವಾರದ ಕೆಲಸ ಸರ್. ಒಂದೇ ಒಂದು ಕಾರಣ ಹೇಳಿ.”

“ಅದನ್ನು ಹೇಳಿದರೆ ಅಂಕಿ ಕೊಟ್ಟ ಹಾಗೆಯೇ ಆಗುತ್ತದೆ ಮೇಡಂ.”

ಲೇಖನಮಾಲೆ ಬಂಟ್ವಾಳವಿಲ್ಲದೆ ಅಚ್ಚಾಯಿತು.

ಮ್ಯಾನೇಜರಿಗೆ ಹೇಳಿ ಬರಬೇಕಾದದ್ದು ಕ್ರಮ. ಮುಂದಿನ ಸೋಮವಾರ ಹೋದೆ. ಹಾಳೆ ಎಲ್ಲಿಗೂ ಹೋಗುವುದಿಲ್ಲ, ಆದ್ದರಿಂದ ತೋರಿಸಲೂ ಏನಿಲ್ಲ ಎಂದೆ. ಅವರು ಕುರ್ಚಿ ತೋರಿಸಿದರು.

“ಕೂತ್ಕೊಳ್ಳಿ. ನೀವು ತೂಗಿದ ಶನಿವಾರ ಚಾರ್ಮಾಡಿಯ ಲಾರಿ ತಡ ಆಯ್ತು. ನಾನು ಊರಿಗೆ ಹೋಗ್ಲಿಲ್ಲ. ಗೋದಾಮಿನ ಕಿಟಕಿಯಿಂದ ನಿಮ್ಮ ತೂಕ ಕೇಳ್ತಾ ಇತ್ತು. ಒಬ್ರು ಕೂಗುದು, ಇನ್ನೊಬ್ರು ಕೂಗುದು. ಏಲಂ ಅಂತ ಎಣಿಸಿದೆ ನಾನು.”

ನಾನು ಕುರ್ಚಿ ಎಳೆದು ಕೂತೆ.

“ಹೊರೆ ಹೋಗುವ ಸುದ್ದಿ ಕಿವಿಗೆ ಬಿದ್ದಿತ್ತು. ಎಷ್ಟು ಅಂತ ಗೊತ್ತಿರ್ಲಿಲ್ಲ. ಎಷ್ಟು ಅಂತ ಗೊತ್ತಿಲ್ಲದ್ದನ್ನು ಕೊಡ್ಲಿಕ್ಕೂ ಆಗುದಿಲ್ಲ, ನಿಲ್ಲಿಸ್ಲಿಕ್ಕೂ ಆಗುದಿಲ್ಲ. ಈಗ ಗೊತ್ತಾಯ್ತಲ್ಲ, ಒಳ್ಳೆದಾಯ್ತು.” ಅವರು ಒಂದು ಹೊಸ ಪುಸ್ತಕ ನನ್ನ ಮುಂದೆ ಸರಿಸಿದರು. ಅಡ್ಡಗೆರೆ ಹಾಕಿ, ಹನ್ನೊಂದು ಹೆಸರು ಬರೆದು ಆಗಿತ್ತು. “ಕಿತ್ಕೊಳ್ಳುವುದಿಲ್ಲ. ನೀವು ತೂಗಿದ್ದು ಹದಿನಾಲ್ಕರ ಹತ್ರ ಹತ್ರ ಅಲ್ವಾ? ಹದಿನಾಲ್ಕೇ ಇರ್ಲಿ. ಇನ್ನು ಗೇಟಿನಲ್ಲಿ ತೂಗಿ, ಬರ್ದು ಕಳಿಸುವುದು. ಅವರಿಗೂ ಕಳ್ಳತನ ಅಂತ ಆಗ್ಬಾರ್ದು, ನನಗೂ ಲೆಕ್ಕ ಬೇಕು.”

“ಆವತ್ತಿನ ಹೊರೆಗಳು ಯಾವತ್ತಿನಷ್ಟು ಇರಲಿಲ್ಲ” ಎಂದೆ. “ಹಿಂದಿನ ವಾರ ದೊಡ್ಡವಿದ್ದವು. ನಾನು ನೋಡಿದ್ದೇನೆ.”

“ತೂಗಿದ್ದೀರಾ?”

“ಇಲ್ಲ.”

ಅವರು ಪೆನ್ನಿನ ಮುಚ್ಚಳ ಹಾಕಿದರು. ಅವರು ಕೇಳಿದ್ದು ನಾನು ಎಲ್ಲರಿಗೂ ಕೇಳುವ ಪ್ರಶ್ನೆಯೇ ಆಗಿತ್ತು. ಅನ್ಯಾಯ ಮಾಡಿದ್ದಾರೆಂದು ಹೇಳಲು ನನಗೆ ಆಗಲೂ ಬರಲಿಲ್ಲ, ಈಗಲೂ ಬರುವುದಿಲ್ಲ.

ಮಳೆಗಾಲ ಕಳೆದ ಮೇಲೆ ಸಂಶೋಧಕಿ ಮತ್ತೆ ಫೋನು ಮಾಡಿದರು. ಧ್ವನಿಯಲ್ಲಿ ಉತ್ಸಾಹವಿತ್ತು. ಮ್ಯಾನೇಜರ್ ತಾವಾಗಿಯೇ ಹೊಸ ಪುಸ್ತಕದ ಪ್ರತಿ ಕಳುಹಿಸಿದ್ದರು. ಒಳಗೆ ಬಂದದ್ದೆಷ್ಟು, ಆವಿಗೆಗೆ ಹೋದದ್ದೆಷ್ಟು, ಕೆಲಸಗಾರರ ಮನೆಗೆ ಹೋದದ್ದೆಷ್ಟು, ಎಲ್ಲವೂ ಬೇರೆ ಬೇರೆ.

“ಇಷ್ಟು ಚೊಕ್ಕವಾದ ದಾಖಲೆ ನನಗೆ ಎಲ್ಲೂ ಸಿಕ್ಕಿಲ್ಲ ಸರ್. ನೀವು ಆಗ ಯಾಕೆ ಹಿಂಜರಿದ್ರಿ ಅಂತಲೂ ಈಗ ಅರ್ಥವಾಯ್ತು. ಇನ್ನು ಮುಚ್ಚಿಡೋದೇನೂ ಇಲ್ವಲ್ಲ? ಮನೆಗಳನ್ನ ಇನ್ನೊಂದ್ಸಲ ತೂಗಿ ಕೊಡಿ.”

ಮುಚ್ಚಿಡುವುದೇನೂ ಇರಲಿಲ್ಲ. ಹೆಂಗಸರನ್ನು ಕೇಳಿದೆ. “ಈಗ ಗೇಟಿನಲ್ಲೇ ತೂಗ್ತಾರೆ, ಮನೆಯಲ್ಲಿ ನೀವು ತೂಗಿದ್ರೆ ಹೋಗುದೆಂತ?” ಎಂದರು. ತಕ್ಕಡಿ ತೆಗೆದುಕೊಂಡು ಮತ್ತೆ ಮೂರು ದಿನ ಹೋದೆ. ಹನ್ನೊಂದು ಮನೆಗಳಲ್ಲೂ ಬಳಕೆ ಇಳಿದಿತ್ತು. ದಿನಕ್ಕೆ ಸುಮಾರು ಎರಡು ಕಿಲೋ. ಹಿರಿಯಾಕೆಯ ಮನೆಗೆ ಕೊನೆಯಲ್ಲಿ ಹೋದೆ. ಅವರು ಆಗಷ್ಟೇ ಕೆಲಸದಿಂದ ಬಂದು ಜಗಲಿಯಲ್ಲಿ ಕಾಲು ಚಾಚಿ ಕುಳಿತಿದ್ದರು. ಮೊಣಕೈವರೆಗೂ ಹಂಚಿನ ಕೆಂಪು ಹುಡಿ.

“ಸೀಮೆಎಣ್ಣೆ ಹೆಚ್ಚು ಉರಿಸುತ್ತೀರಾ ಅಕ್ಕ?”

“ಕಾರ್ಡಿಗೆ ಕೊಡುದು ಅಷ್ಟೇ ಅಲ್ವಾ?”

“ಗ್ಯಾಸ್?”

“ನೀವು ತೆಗ್ಸಿ ಕೊಡ್ತೀರಾ?”

“ಮತ್ತೆ ಕಟ್ಟಿಗೆ ಕಮ್ಮಿ ಆದದ್ದು ಹೇಗೆ?”

“ಅನ್ನಕ್ಕೆ ಬೇಕಾದಷ್ಟು ಬೇಕೇ. ಅದರಲ್ಲಿ ಕಮ್ಮಿ ಮಾಡಿದ್ರೆ ಅಕ್ಕಿ ಬೇಯುದಿಲ್ಲ. ಸಂಜೆ ಸ್ನಾನದ ಹಂಡೆಗೆ ಬೆಂಕಿ ಹಾಕುದು ಬಿಟ್ಟೆವು.” ಅವರು ತೋಳನ್ನು ಉಜ್ಜಿ ತೋರಿಸಿದರು. “ತಣ್ಣೀರಿಗೆ ಇದು ಹೋಗುದಿಲ್ಲ ಅಣ್ಣ. ಮೈಕೈ ನೋವೂ ಹೋಗುದಿಲ್ಲ.”

ನಾನು ತಕ್ಕಡಿಯನ್ನು ಚೀಲಕ್ಕೆ ಹಾಕುತ್ತಿದ್ದೆ.

“ಆವತ್ತು ಸಣ್ಣ ಕಟ್ಟಿದ್ದು ನಾವೇ” ಎಂದರು. “ನಾನೇ ಎಲ್ಲರಿಗೂ ಹೇಳಿದ್ದು, ಜಾಸ್ತಿ ಕಟ್ಬೇಡಿ, ಮರ್ಯಾದೆ ಹೋಗ್ತದೆ ಅಂತ.” ಆಮೇಲೆ ಕೇಳಿದರು: “ಮೊದ್ಲು ಮನೆಯಲ್ಲಿ ತೂಗಿದ್ದು ನಿಮ್ಮ ಹತ್ರ ಉಂಟಲ್ಲ? ಅದನ್ನು ಅವರಿಗೆ ತೋರ್ಸಿದ್ರೆ? ಇಷ್ಟು ಬೇಕಾಗ್ತದೆ ಅಂತ?”

“ತೋರಿಸಬಹುದು. ಆದರೆ ಅಷ್ಟೂ ವರ್ಷ ಎಷ್ಟು ತೆಗೆದುಕೊಂಡು ಹೋಗುತ್ತಿದ್ದಿರಿ ಎಂದೂ ಅದೇ ಹಾಳೆ ಹೇಳುತ್ತದೆ ಅಕ್ಕ.”

ಅವರು ಅಂಗಳದ ಕಡೆ ನೋಡುತ್ತ ಕುಳಿತರು. ಒಳಗೆ ಮೊಮ್ಮಗು ಅಳುತ್ತಿತ್ತು, ಯಾರೋ ಸಮಾಧಾನ ಮಾಡುತ್ತಿದ್ದರು.

“ಬೇಡ” ಎಂದರು ಕೊನೆಗೆ. “ಇದ್ದ ಹದಿನಾಲ್ಕೂ ಹೋದೀತು.”

ಹೊಸ ಅಂಕಿಗಳನ್ನು ಕಳುಹಿಸಿದೆ. ಏಳನೆಯ ಕಾಲಂ ಈಗ ತುಂಬಿತ್ತು. ಒಂದು ವಾರದ ಮೇಲೆ ಸಂಶೋಧಕಿ ಕರೆದರು.

“ಎರಡೂ ಪುಟ ಹೊಂದುತ್ತೆ ಸರ್. ಉಳಿದ ಚಕ್ಕೆ ಆವಿಗೆಗೇ ಹೋಗಿ ಕಾರ್ಖಾನೆ ತರಿಸೋದೂ ಇಳಿದಿದೆ, ಮನೆಗಳದ್ದೂ ಇಳಿದಿದೆ. ಈ ಕಟ್ಟಿಗೆ ಮತ್ತೆ ಬೆಳೆಯೋ ಜಾಗದ್ದಲ್ಲ, ಹಾಗಾಗಿ ಇಂಗಾಲದಲ್ಲಿ ನಿಜವಾದ ಇಳಿಕೆ. ಮನೆಗಳಿಗೆ ಗ್ಯಾಸ್ ಬಂತಾ?”

“ಇಲ್ಲ.”

“ಸುಧಾರಿತ ಒಲೆ?”

“ಇಲ್ಲ.”

“ಮತ್ತೆ ಇಳಿದದ್ದು ಹೇಗೆ?”

ಹೇಳಿದೆ. ಹಂಡೆ, ತಣ್ಣೀರು, ಕೆಂಪು ಹುಡಿ, ಸಣ್ಣ ಹೊರೆ ಕಟ್ಟಿದ ಶನಿವಾರ, ಯಾವುದನ್ನೂ ಬಿಡಲಿಲ್ಲ. ಆ ಕಡೆ ಹಾಳೆ ತಿರುವುವ ಸದ್ದು ಕೇಳಿತು.

“ಇದನ್ನ ಎಲ್ಲಿ ಬರೀಲಿ ಸರ್?” ಎಂದು ಕೇಳಿದರು.

ನನ್ನ ಬಳಿಯೂ ಅದೇ ನಮೂನೆಯಿತ್ತು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ನಾನೂ ತಿರುವಿ ನೋಡಿದೆ. ಇದಕ್ಕೆ ಕಾಲಂ ಇಲ್ಲ ಮೇಡಂ ಎಂದೆ.